ಕಿಟಕಿಯಲ್ಲೊಂದು ಬಿಳಿ ಚುಕ್ಕೆ

“ಇಷ್ಟೊಂದು ಸೈನಿಕರು, ಇಷ್ಟೊಂದು ಕುದುರೆಗಳು, ಸಾಲದ್ದಕ್ಕೆ ಫಿರಂಗಿ ಬೇರೆ! ಇವರೆಲ್ಲ ಯಾಕೆ ಬಂದಿದ್ದಾರೆ, ಹೇಳಿ ನೋಡೋಣ?”

ಚಿನಕುರಳಿ ಸ್ಟೂಲಿನ ಮೇಲೆ ನಿಂತು, ಸೊಂಟಕ್ಕೆ ಕೈ ಕೊಟ್ಟು ಕೇಳಿದಳು. ಎದುರಿಗಿದ್ದ ಪ್ರವಾಸಿಗರು ಗೋಡೆಯ ಮೇಲಿನ ದೊಡ್ಡ ಚಿತ್ರ ನೋಡಿದರು, ಅವಳನ್ನು ನೋಡಿದರು, ಮತ್ತೆ ಚಿತ್ರ ನೋಡಿದರು. ಕತ್ತಿಗೆ ಕ್ಯಾಮೆರಾ ನೇತುಹಾಕಿಕೊಂಡಿದ್ದ ಒಬ್ಬರು, “ಕೋಟೆ ಗೆಲ್ಲೋಕೆ?” ಎಂದರು.

“ಕೋಟೆ ತಗೊಂಡು ಏನ್ ಮಾಡ್ತಾರೆ ಅಂಕಲ್? ಅವರ ಊರಲ್ಲೂ ಒಂದು ಕೋಟೆ ಇತ್ತು.”

“ಮತ್ತೆ?”

ಎಲ್ಲರೂ ಇನ್ನಷ್ಟು ಹತ್ತಿರ ಬರಲಿ ಎಂದು ಚಿನಕುರಳಿ ಕಾದಳು. ಬಂದರು. ಆಗ ದನಿ ತಗ್ಗಿಸಿ, “ಒಂದು ಮುತ್ತಿಗಾಗಿ” ಎಂದಳು. “ಆ ಎತ್ತರದ ಗೋಪುರ ನೋಡಿ. ಅದರಲ್ಲಿ ಪುಟ್ಟ ಕಿಟಕಿ. ಕಿಟಕಿ ಒಳಗೆ ಒಂದು ಬಿಳಿ ಚುಕ್ಕೆ. ಕಾಣ್ತಾ? ಅದೇ ಮುತ್ತು! ಅಷ್ಟು ದೂರದಿಂದ ಕಾಣುತ್ತೆ ಅಂದ್ರೆ, ಹತ್ತಿರದಿಂದ ಎಷ್ಟು ದೊಡ್ಡದಿರಬೇಕು ಲೆಕ್ಕ ಹಾಕಿ.”

“ಅರೆ, ಹೌದಲ್ಲ! ನಿಜವಾಗ್ಲೂ ಇದೆ!” ಕ್ಯಾಮೆರಾದವರು ಕಿಟಕಿಯ ಫೋಟೋ ತೆಗೆದರು. ಉಳಿದವರು ಫೋನು ತೆಗೆದರು. ಅಷ್ಟರಲ್ಲಿ ಹೊರಗೆ ಬೀಗದ ಕೈ ಗೊಂಚಲು ಝಲ್ ಎಂದಿತು. ಅಮ್ಮ ಗೋಪುರದಿಂದ ಬರುವ ಸದ್ದು! ಚಿನಕುರಳಿ ಸ್ಟೂಲಿನಿಂದ ಹಾರಿ, ಟಿಕೆಟ್ ಕೋಣೆಗೆ ಓಡಿ, ಪುಸ್ತಕ ತೆರೆದು ಕೂತಳು. ಅಮ್ಮ ಇಣುಕಿದಾಗ ಅವಳಷ್ಟು ಶ್ರದ್ಧೆಯಿಂದ ಹೋಮ್‌ವರ್ಕ್ ಮಾಡುವ ಮಗು ಲೋಕದಲ್ಲೇ ಇರಲಿಲ್ಲ. ಪುಸ್ತಕ ಮಾತ್ರ ತಲೆಕೆಳಗಾಗಿತ್ತು.

ಅವಳ ನಿಜವಾದ ಹೆಸರು ಬೇರೆ. ಬಾಯಿ ತೆರೆದರೆ ಪಟಾಕಿಯ ಹಾಗೆ ಪಟಪಟ ಸಿಡಿಯುವುದರಿಂದ ಮನೆಯಲ್ಲಿ, ಶಾಲೆಯಲ್ಲಿ, ಬೀದಿಯಲ್ಲಿ ಎಲ್ಲ ಕಡೆ ಚಿನಕುರಳಿ ಎಂಬ ಹೆಸರೇ ನಿಂತುಬಿಟ್ಟಿತ್ತು. ಅವಳಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯೇ ಇರಲಿಲ್ಲ. ಒಮ್ಮೆ ಟೀಚರ್ “ತಿಮಿಂಗಿಲ ಯಾಕೆ ಸಮುದ್ರದಲ್ಲೇ ಇರುತ್ತೆ?” ಎಂದು ಕೇಳಿದ್ದಕ್ಕೆ, “ಹೊರಗೆ ಬಂದ್ರೆ ನಿಲ್ಲಿಸೋಕೆ ಜಾಗ ಸಿಗಲ್ಲ ಮಿಸ್” ಎಂದು ಹೇಳಿ ಕೂತಿದ್ದಳು.

ಅಮ್ಮ ಗೈಡ್. ಮೊದಲು ಕೋಟೆಯ ಗೋಪುರ ತೋರಿಸುವುದಷ್ಟೇ ಅವಳ ಕೆಲಸವಾಗಿತ್ತು. ದಿನವಿಡೀ ಮೆಟ್ಟಿಲು ಹತ್ತಿ ಇಳಿದು ಅವಳ ಮಂಡಿ ಸವೆದುಹೋಗಿತ್ತು. ಈಗ ಕೋಟೆಯ ಬಾಗಿಲ ಪಕ್ಕದ ಹಳೆಯ ಕುದುರೆ ಲಾಯವನ್ನು ಸುಣ್ಣ ಬಳಿದು ಚೊಕ್ಕ ಮಾಡಿ, ಹಳೆಯ ಕಾಲದ ಚಿತ್ರಗಳ ಪ್ರದರ್ಶನ ಇಟ್ಟಿದ್ದರು. ಕುದುರೆ ಕಟ್ಟುತ್ತಿದ್ದ ಕಬ್ಬಿಣದ ಬಳೆಗಳು ಇನ್ನೂ ಗೋಡೆಯಲ್ಲಿದ್ದವು. ಅವುಗಳ ಮೇಲೆ ರಾಜರು, ರಾಣಿಯರು, ಯುದ್ಧಗಳು ತೂಗುತ್ತಿದ್ದವು. ಗೋಪುರದ ಜೊತೆಗೆ ಇಲ್ಲೂ ಒಂದಿಷ್ಟು ದಿನ ಮಾಡಿ ನೋಡಿ, ಚೆನ್ನಾಗಿ ಮಾಡಿದರೆ ಇಲ್ಲೇ ಖಾಯಂ ಎಂದು ಸಾಹೇಬರು ಅಮ್ಮನಿಗೆ ಹೇಳಿದ್ದರು. ಚಿತ್ರಗಳ ಮುಂದೆ ನಿಂತರೆ ಅಮ್ಮನ ಮುಖ ಅರಳುತ್ತಿತ್ತು. ಮನೆಗೆ ಬಂದ ಮೇಲೂ ಪಾತ್ರೆ ತೊಳೆಯುತ್ತ ಆ ರಾಣಿಯ ಸೆರಗಿನ ಬಣ್ಣ, ಈ ಕುದುರೆಯ ಕಣ್ಣು ಎಂದು ಹೇಳುತ್ತಲೇ ಇರುತ್ತಿದ್ದಳು.

ಆದರೆ ಅಮ್ಮನಲ್ಲಿ ಒಂದು ದೊಡ್ಡ ದೋಷವಿತ್ತು. ಯಾರಾದರೂ “ಈ ಚಿತ್ರ ಬರೆದೋರು ಯಾರು?” ಎಂದು ಕೇಳಿದರೆ, ಮುಲಾಜಿಲ್ಲದೆ “ಗೊತ್ತಿಲ್ಲ” ಎಂದುಬಿಡುತ್ತಿದ್ದಳು.

“ಗೈಡ್ ಆಗಿ ಗೊತ್ತಿಲ್ಲ ಅಂತೀಯಲ್ಲಮ್ಮ, ನಾಚಿಕೆ ಆಗಲ್ವಾ?” ಎಂದು ಚಿನಕುರಳಿ ಕೇಳಿದ್ದಳು.

“ಗೊತ್ತಿಲ್ಲದ್ದನ್ನ ಇನ್ನೇನು ಅನ್ನಲಿ?”

“ಏನಾದ್ರೂ ಅನ್ನಬೇಕು! ಪಾಪ, ಅಷ್ಟು ದೂರದಿಂದ ಬಂದಿರ್ತಾರೆ.”

ಅದಕ್ಕೇ ಅಮ್ಮ ಗೋಪುರಕ್ಕೆ ಹೋದಾಗಲೆಲ್ಲ ಚಿನಕುರಳಿ ಸ್ಟೂಲು ಹತ್ತುತ್ತಿದ್ದಳು. ಮುತ್ತಿನ ಕತೆಯನ್ನು ಅವಳೇನೂ ಗಾಳಿಯಿಂದ ಹಿಡಿದಿರಲಿಲ್ಲ. ಚಿತ್ರದ ಕೆಳಗಿನ ಹಿತ್ತಾಳೆ ಫಲಕದಲ್ಲಿ ‘ಕೋಟೆಯ ಮುತ್ತಿಗೆ’ ಎಂದು ಸ್ಪಷ್ಟವಾಗಿ ಬರೆದಿತ್ತು. ಹಾಲಿಗೆ ಹೋದಳು ಎಂದರೆ ಹಾಲು ತರಲು ಹೋದಳು ಎಂದರ್ಥ. ಹಾಗೆಯೇ ಮುತ್ತಿಗೆ ಬಂದರು ಎಂದರೆ ಮುತ್ತು ತೆಗೆದುಕೊಂಡು ಹೋಗಲು ಬಂದರು. ಯಾರ ಮುತ್ತು? ಕೋಟೆಯ ಮುತ್ತು. ವ್ಯಾಕರಣದಲ್ಲಿ ಚಿನಕುರಳಿ ಯಾವಾಗಲೂ ಗಟ್ಟಿ. ಆಮೇಲೆ ಹುಡುಕಿದರೆ, ಕಿಟಕಿಯಲ್ಲಿ ಆ ಬಿಳಿ ಚುಕ್ಕೆಯೂ ಸಿಕ್ಕಿತು. ಇನ್ನೇನು ಬೇಕು? ಯಾರನ್ನಾದರೂ ಕೇಳಬಹುದಿತ್ತು, ನಿಜ. ಆದರೆ ಕೇಳುವುದು ಅವಳ ಜಾಯಮಾನವಲ್ಲ, ಹೇಳುವುದು ಅವಳ ಜಾಯಮಾನ.

ಕತೆ ಫೋನಿನಿಂದ ಫೋನಿಗೆ ಹಾರಿತು. ಕೋಟೆ ಬಾಗಿಲಲ್ಲಿ ಪಿಕ್ಚರ್ ಕಾರ್ಡ್ ಮಾರುವ ಅಪ್ಪನ ಕಿವಿಗೂ ಬಿತ್ತು.

ಒಂದು ಮಧ್ಯಾಹ್ನ ಊರುಗೋಲು ಹಿಡಿದ ಅಜ್ಜಿಯೊಬ್ಬರು ಪ್ರದರ್ಶನಕ್ಕೆ ಬಂದರು. ರಾಜರನ್ನು ನೋಡಲಿಲ್ಲ, ರಾಣಿಯರನ್ನು ನೋಡಲಿಲ್ಲ. ನೇರ ಅಮ್ಮನ ಹತ್ತಿರ ಬಂದು, “ಮುತ್ತಿನ ಚಿತ್ರ ತೋರಿಸಮ್ಮ” ಎಂದರು.

“ಆ ಥರದ್ದು ಯಾವುದೂ ಇಲ್ಲ ಅಜ್ಜಿ.”

“ಇಲ್ವಾ? ಮೊಮ್ಮಗ ಫೋನಲ್ಲಿ ತೋರಿಸಿದ ಅಂತ ಬಸ್ಸಲ್ಲಿ ಮೈಕೈ ನೋಯಿಸ್ಕೊಂಡು ಬಂದಿದ್ದೀನಿ. ಹೊರಗೆ ಕಾರ್ಡ್ ಬೇರೆ ಮಾರ್ತಿದ್ದಾರೆ. ಇಲ್ಲ ಅಂತೀಯಲ್ಲ!”

ಅಜ್ಜಿ ಚೀಲದಿಂದ ಹೊಸ ಕಾರ್ಡೊಂದನ್ನು ತೆಗೆದರು. ಅದರಲ್ಲಿ ಗೋಪುರದ ಕಿಟಕಿ ದೊಡ್ಡದಾಗಿತ್ತು. ಕೆಳಗೆ ‘ಮುತ್ತಿನ ಕಿಟಕಿ’ ಎಂದು ಅಚ್ಚಾಗಿತ್ತು. ಅಮ್ಮ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಗಲಾಟೆ ಕೇಳಿ ಸಾಹೇಬರು ಬಂದರು. ಪ್ರದರ್ಶನ ನೋಡಿಕೊಳ್ಳುವವರು ಅವರು. ಪ್ರತಿ ಮಾತಿಗೂ ಮೊದಲು ಕೆಮ್ಮುತ್ತಿದ್ದುದರಿಂದ ಚಿನಕುರಳಿ ಅವರಿಗೆ ಕೆಮ್ಮು ಸಾಹೇಬರು ಎಂದು ಹೆಸರಿಟ್ಟಿದ್ದಳು.

“ಕ್ಹುಂ. ಯಾರ್ರೀ ಇಲ್ಲಿ ಮುತ್ತಿನ ಕತೆ ಹೇಳ್ತಿರೋದು?”

“ನಾನಲ್ಲ ಸರ್.”

“ಕ್ಹುಂ. ಇಲ್ಲಿರೋ ಗೈಡ್ ನೀವೊಬ್ಬರೇ.”

“ಹೌದು ಸರ್. ಆದ್ರೆ ನಾನು ಹೇಳಿಲ್ಲ.” ಅಮ್ಮ ಅಜ್ಜಿಯ ಕಡೆ ತಿರುಗಿದಳು. “ಮುತ್ತಿಗೆಗೂ ಮುತ್ತಿಗೂ ಸಂಬಂಧ ಇಲ್ಲ ಅಜ್ಜಿ. ಸಕ್ಕರೆಗೆ ಇರುವೆ ಮುತ್ತಿಕೊಳ್ಳಲ್ವಾ, ಹಾಗೆ ವೈರಿಗಳು ಕೋಟೆ ಸುತ್ತ ಮುತ್ತಿಕೊಂಡು, ಒಳಗಿದ್ದವರು ಹೊರಗೆ ಬರದ ಹಾಗೆ ಕೂತುಬಿಡೋದು. ಅದು ಮುತ್ತಿಗೆ.”

“ಅಷ್ಟು ನನಗೂ ಗೊತ್ತಮ್ಮ. ಮುತ್ತಿಗೆ ಹಾಕಿದ್ದೇ ಆ ಮುತ್ತಿಗೆ ಅಂತಲ್ವಾ ಕತೆ!”

ಟಿಕೆಟ್ ಕೋಣೆಯ ಅರೆತೆರೆದ ಬಾಗಿಲ ಹಿಂದೆ ಚಿನಕುರಳಿಯ ಪೆನ್ಸಿಲ್ ಮೊನೆ ಪಟ್ಟನೆ ಮುರಿಯಿತು. ಇರುವೆ ಮುತ್ತುವುದು. ಮುತ್ತಿಕೊಳ್ಳುವುದು. ಮುತ್ತಿಗೆ. ಅವಳ ಕಿವಿ ಬಿಸಿಯಾಯಿತು. ವ್ಯಾಕರಣದಲ್ಲಿ ಗಟ್ಟಿಯಾಗಿದ್ದವಳು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದಳು.

“ಕ್ಹುಂ. ನಾಳೆ ನಾನೇ ನಿಮ್ಮ ಗುಂಪಿನ ಜೊತೆ ನಿಂತು ಕೇಳ್ತೀನಿ,” ಎಂದರು ಸಾಹೇಬರು. “ಆಮೇಲೆ ನಿಮ್ಮನ್ನ ಇಲ್ಲಿ ಇಟ್ಕೊಳ್ಳೋದಾ, ಪೂರ್ತಿ ಗೋಪುರಕ್ಕೇ ಕಳಿಸೋದಾ ಅಂತ ನೋಡೋಣ.”

ಅಮ್ಮ ತಲೆಯಾಡಿಸಿದಳು. ಅಜ್ಜಿ, “ನಾಳೆ ನಾನೂ ಬರ್ತೀನಿ, ಮೊಮ್ಮಗನ್ನೂ ಕರ್ಕೊಂಡು ಬರ್ತೀನಿ. ಮುತ್ತು ಇದೆಯೋ ಇಲ್ಲವೋ ಇತ್ಯರ್ಥ ಆಗಲಿ” ಎಂದು ಊರುಗೋಲು ಕುಟ್ಟುತ್ತ ಹೋದರು.

ಮನೆಗೆ ಹೋಗುವಾಗ ಅಮ್ಮ ನೆಲ ನೋಡುತ್ತ ನಡೆದಳು. ಚಿನಕುರಳಿಯೂ ಅಷ್ಟೆ. ದಾರಿಯಲ್ಲಿ ಸಿಕ್ಕ ಐಸ್‌ಕ್ರೀಮ್ ಗಾಡಿಯವನು, “ಏನು ಚಿನಕುರಳಿ, ಇವತ್ತು ಮಳೆಗೆ ನೆನೆದುಬಿಟ್ಟಿದ್ದೀಯಾ?” ಎಂದು ಛೇಡಿಸಿದ. ಚಿನಕುರಳಿ ತಲೆ ತಗ್ಗಿಸಿಕೊಂಡೇ ಮುಂದೆ ಹೋದಳು.

ಅಪ್ಪ ಮಾತ್ರ ಸಂಜೆ ಕುಣಿಯುತ್ತ ಬಂದ. ಕಾರ್ಡಿನ ಕಟ್ಟನ್ನು ಮೇಜಿನ ಮೇಲಿಟ್ಟು, “ಮುತ್ತಿನ ಕಿಟಕಿ ಏನು ಓಡ್ತಾ ಇದೆ ಅಂತೀಯಾ! ಇವತ್ತು ಪ್ರೆಸ್ಸಿಂದ ತಂದಿದ್ದು, ಇವತ್ತೇ ಅರ್ಧ ಖಾಲಿ” ಎಂದ.

“ಈ ಕತೆ ನಿಮಗೆ ಯಾರು ಹೇಳಿದ್ದು?” ಎಂದಳು ಅಮ್ಮ.

“ಯಾರು ಅಂದ್ರೆ? ನಿನ್ನದೇ ಕತೆ ಅಲ್ವಾ? ಬಂದವರೆಲ್ಲ ಹೇಳ್ತಿದ್ರು. ಮಗಳನ್ನ ಕೇಳಿದೆ, ಹೌದು ಅಂದ್ಲು.”

ಅಪ್ಪ ಅಮ್ಮ ಇಬ್ಬರೂ ಒಟ್ಟಿಗೆ ತಿರುಗಿದರು. ಚಿನಕುರಳಿ ಹಾಲಿನ ಲೋಟದೊಳಗೆ ಮುಖ ಹುದುಗಿಸಿಕೊಂಡಿದ್ದಳು. ಹಾಲು ಆಗಲೇ ಮುಗಿದಿತ್ತು. ಯಾರೋ ಪ್ರವಾಸಿಗರು ಹೇಳಿದರು ಎನ್ನಬಹುದು. ಕ್ಯಾಮೆರಾದ ಅಂಕಲ್ ಹೇಳಿದರು ಎನ್ನಬಹುದು. ನಾಲಿಗೆ ತುದಿಯಲ್ಲಿ ಉತ್ತರಗಳು ಸಾಲಾಗಿ ನಿಂತಿದ್ದವು. ಅಮ್ಮ ಸಾಹೇಬರ ಮುಂದೆ “ನಾನಲ್ಲ ಸರ್” ಎಂದಾಗ ಅವಳ ಕೈ ಬೀಗದ ಕೈ ಗೊಂಚಲನ್ನು ಬಿಗಿಯಾಗಿ ಹಿಡಿದುಕೊಂಡಿದ್ದು ನೆನಪಾಯಿತು.

“ನಾನೇ ಅಮ್ಮ,” ಎಂದಳು ಲೋಟದೊಳಗಿಂದ.

“ಏನು ನೀನೇ?”

“ಕತೆ ಹೇಳಿದ್ದು. ಎಲ್ಲರಿಗೂ. ಸ್ಟೂಲ್ ಮೇಲೆ ನಿಂತ್ಕೊಂಡು. ಫಲಕದಲ್ಲಿ ಕೋಟೆಯ ಮುತ್ತಿಗೆ ಅಂತ ಇತ್ತಲ್ಲ... ಹಾಲಿಗೆ ಹೋದಳು ಅಂತೀವಲ್ಲ, ಹಾಗೆ, ಮುತ್ತಿಗೆ ಬಂದ್ರು ಅನ್ಕೊಂಡೆ.”

ಅಮ್ಮ ಸಿಟ್ಟು ಮಾಡಲು ಹೊರಟಳು. ಹುಬ್ಬು ಗಂಟಿಕ್ಕಿದಳು, ಬಾಯಿ ತೆರೆದಳು. ಆದರೆ ಒಳಗಿಂದ ಬಂದದ್ದು ನಗು. ಅಪ್ಪನಿಗೂ ಅಂಟಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಲ್ವೇ, ಇಷ್ಟು ದೊಡ್ಡ ಸೈನ್ಯ ಒಂದು ಮುತ್ತಿಗಾ! ಕೆನ್ನೆ ಮೇಲೆ ಒಂದು ಕೊಟ್ಟಿದ್ರೆ ಸುಮ್ಮನೆ ವಾಪಸ್ ಹೋಗ್ತಿದ್ರಲ್ಲೇ!” ಎಂದ ಅಪ್ಪ.

ಚಿನಕುರಳಿಗೆ ನಗು ಬರಲಿಲ್ಲ. ತನ್ನನ್ನು ನೋಡಿ ಎಲ್ಲರೂ ನಗುವುದು ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಕಣ್ಣು ತುಂಬಿತು. ಅದನ್ನು ನೋಡಿ ಅಮ್ಮನ ನಗು ನಿಂತಿತು.

“ನಾಳೆ ಸಾಹೇಬರಿಗೆ ನಾನು ಹೇಳ್ತೀನಿ ಬಿಡು,” ಎಂದಳು ಅಮ್ಮ. “ಮಗು, ಗೊತ್ತಾಗದೆ ಹೇಳಿಬಿಟ್ಟಿದೆ ಅಂತ.”

“ನಾನೇನು ಮಗುನಾ?” ಚಿನಕುರಳಿ ತೋಳಲ್ಲಿ ಮೂಗು ಒರೆಸಿಕೊಂಡಳು. “ಎಲ್ಲರ ಮುಂದೆ ಹೇಳಿದ್ದು ನಾನು. ಎಲ್ಲರ ಮುಂದೆನೇ ನಾನೇ ಸರಿ ಮಾಡ್ತೀನಿ.”

“ನಗ್ತಾರೆ ಕಣೇ.”

“ನಗಲಿ. ನೀವು ನಕ್ಕಿದ್ದು ಮುಗೀತಲ್ಲ, ಹಾಗೇ ಅವರದ್ದೂ ಮುಗಿಯುತ್ತೆ.”

ಅಮ್ಮ ಅವಳನ್ನು ಹತ್ತಿರ ಕೂರಿಸಿಕೊಂಡಳು. “ಒಂದು ಮಾತು ಹೇಳ್ಲಾ?” ಎಂದಳು. “ದಿನಾ ಆ ಚಿತ್ರದ ಮುಂದೆ ನಿಲ್ತೀನಿ. ಆ ಕಿಟಕೀಲಿ ಚುಕ್ಕೆ ಇದೆ ಅಂತ ನಾನು ನೋಡೇ ಇರಲಿಲ್ಲ. ಅದು ನಿನ್ನ ಕಣ್ಣಿಗೇ ಬಿದ್ದಿದ್ದು. ಮುತ್ತು ಸುಳ್ಳಿರಬಹುದು, ಚುಕ್ಕೆ ಸುಳ್ಳಲ್ಲ.”

“ಹಾಗಾದ್ರೆ ನನ್ನ ಕಾರ್ಡು?” ಎಂದ ಅಪ್ಪ.

“ನಿಮ್ಮ ಕಾರ್ಡಿನ ಮಾತು ಆಮೇಲೆ!” ಎಂದರು ತಾಯಿ ಮಗಳು.

ಮರುದಿನ ಲಾಯದ ತುಂಬ ಜನ. ಕೆಮ್ಮು ಸಾಹೇಬರು ಕೈ ಹಿಂದೆ ಕಟ್ಟಿಕೊಂಡು ಗುಂಪಿನ ಕೊನೆಯಲ್ಲಿ ನಿಂತಿದ್ದರು. ಅಜ್ಜಿ ಎಲ್ಲರಿಗಿಂತ ಮುಂದೆ, ಪಕ್ಕದಲ್ಲಿ ಹಲ್ಲು ಬಿದ್ದ ಮೊಮ್ಮಗ. ಅಮ್ಮ ರಾಜರನ್ನು ತೋರಿಸಿದಳು, ರಾಣಿಯರನ್ನು ತೋರಿಸಿದಳು. ದೊಡ್ಡ ಚಿತ್ರದ ಹತ್ತಿರ ಬಂದಾಗ, “ಇದರ ಬಗ್ಗೆ ಮೊದಲು ನನ್ನ ಮಗಳು ಒಂದು ಮಾತು ಹೇಳಬೇಕಂತೆ” ಎಂದಳು.

ಸಾಹೇಬರ ಹುಬ್ಬು ಮೇಲೇರಿತು. ಚಿನಕುರಳಿ ಸ್ಟೂಲು ಹತ್ತಿದಳು. ಅದೇ ಸ್ಟೂಲು. ಆದರೆ ಇವತ್ತು ಯಾಕೋ ಬಹಳ ಎತ್ತರವಾಗಿತ್ತು. ಅವಳು ಎಂದಿನಂತೆ ಸೊಂಟಕ್ಕೆ ಕೈ ಕೊಟ್ಟಳು. ಹಾಗೆ ನಿಂತ ಮೇಲೆ ದನಿ ತಾನಾಗಿಯೇ ಬಂತು.

“ಈ ಸೈನಿಕರು ಮುತ್ತಿಗಾಗಿ ಬಂದರು ಅಂತ ಕತೆ ಕೇಳಿದ್ದೀರಲ್ಲ, ಆ ಕತೆ ಹೇಳಿದ್ದು ನಾನು. ನಮ್ಮಮ್ಮ ಅಲ್ಲ. ನಮ್ಮಮ್ಮನಿಗೆ ಗೊತ್ತೂ ಇರಲಿಲ್ಲ. ಫಲಕದಲ್ಲಿ ಮುತ್ತಿಗೆ ಅಂತ ಇದೆಯಲ್ಲ, ಅದನ್ನ ನಾನು ಮುತ್ತು ತಗೊಳ್ಳೋಕೆ ಅಂತ ಓದ್ಕೊಂಡೆ. ಮುತ್ತಿಗೆ ಅಂದ್ರೆ ಇರುವೆ ಮುತ್ತಿದ ಹಾಗೆ ಸುತ್ತ ಮುತ್ತೋದು. ಮುತ್ತು ಇಲ್ಲ. ಇತ್ತು ಅಂತ ಎಲ್ಲೂ ಬರೆದಿಲ್ಲ. ಅಷ್ಟೇ.”

ಮೊದಲು ಅಜ್ಜಿ ಕಿಸಕ್ಕೆಂದು ನಕ್ಕರು. ಗುಂಪಿಗೆ ಗುಂಪೇ ನಕ್ಕಿತು. ಚಿನಕುರಳಿ ಕೆಂಪಾದಳು, ಸ್ಟೂಲಿನಿಂದ ಮಾತ್ರ ಇಳಿಯಲಿಲ್ಲ. ನಗು ಅವಳು ಹೇಳಿದ ಹಾಗೆಯೇ ಮುಗಿಯಿತು.

“ಅಬ್ಬಾ, ನನಗೇ ಟೋಪಿ ಹಾಕಿದ್ಯಲ್ಲೇ!” ಎಂದರು ಅಜ್ಜಿ. ದನಿಯಲ್ಲಿ ನಿನ್ನೆಯ ಸಿಟ್ಟಿರಲಿಲ್ಲ. “ನನ್ನ ಬಸ್ ಚಾರ್ಜ್ ದಂಡ ಆಯ್ತು ನೋಡು.”

ಅಷ್ಟರಲ್ಲಿ ಹಲ್ಲು ಬಿದ್ದ ಮೊಮ್ಮಗ ಬೆರಳು ಚಾಚಿದ. “ಮತ್ತೆ ಆ ಬಿಳೀದು ಏನಕ್ಕಾ?”

ಎಲ್ಲರೂ ಕಿಟಕಿ ನೋಡಿದರು. ಚುಕ್ಕೆ ಅಲ್ಲೇ ಇತ್ತು, ಗೋಪುರದ ಕತ್ತಲ ಕಿಟಕಿಯಲ್ಲಿ ಬೆಳ್ಳಗೆ. ಎಲ್ಲರೂ ಚಿನಕುರಳಿಯನ್ನು ನೋಡಿದರು.

ಅವಳ ಬಾಯಲ್ಲಿ ಉತ್ತರ ಸಿದ್ಧವಾಗಿಯೇ ಇತ್ತು. ದೀಪ! ಹೌದು, ದೀಪವೇ. ಸಹಾಯಕ್ಕೆ ಬನ್ನಿ ಎಂದು ದೂರದ ಗೆಳೆಯರಿಗೆ ಸನ್ನೆ ಮಾಡಲು ರಾಜಕುಮಾರಿ ಹಚ್ಚಿಟ್ಟ ದೀಪ! ಎಂಥಾ ಕತೆ! ಮುತ್ತಿಗಿಂತ ಚೆನ್ನಾಗಿತ್ತು. ಹೇಳಿದರೆ ಈ ಜನ ಚಪ್ಪಾಳೆಯನ್ನೇ ತಟ್ಟುತ್ತಿದ್ದರು. “ಅದು...” ಎಂದು ಶುರುಮಾಡಿದಳು.

ಅಮ್ಮನ ಕಡೆ ತಿರುಗಿದಳು. ಅಮ್ಮನೂ ಚುಕ್ಕೆಯನ್ನೇ ನೋಡುತ್ತಿದ್ದಳು.

“ಅದು... ಗೊತ್ತಿಲ್ಲ,” ಎಂದಳು ಚಿನಕುರಳಿ.

ಆ ಮಾತನ್ನು ಅವಳು ಹುಟ್ಟಿದಾಗಿನಿಂದ ಆಡಿರಲಿಲ್ಲ. ಬಾಯಲ್ಲಿ ಅದು ವಿಚಿತ್ರವಾಗಿತ್ತು, ಹೊಸ ಚಪ್ಪಲಿ ಹಾಕಿಕೊಂಡ ಹಾಗೆ. ಜನ ಈಗ ಬೇಜಾರು ಮಾಡಿಕೊಂಡು ಮುಂದಿನ ಚಿತ್ರಕ್ಕೆ ಹೋಗುತ್ತಾರೆ ಎಂದುಕೊಂಡಳು.

“ಅಮ್ಮನ ಕೇಳು,” ಎಂದ ಮೊಮ್ಮಗ.

“ನನಗೂ ಗೊತ್ತಿಲ್ಲಪ್ಪ,” ಎಂದಳು ಅಮ್ಮ.

ಎಲ್ಲರ ತಲೆಯೂ ಹಿಂದೆ ತಿರುಗಿತು. ಸಾಹೇಬರು ಕೆಮ್ಮಿದರು. ಕನ್ನಡಕ ತೆಗೆದು ಒರೆಸಿದರು. ಇನ್ನೊಮ್ಮೆ, ಈ ಸಲ ಉದ್ದಕ್ಕೆ, ಕೆಮ್ಮಿದರು. “ಕ್ಹುಂ... ಅಲ್ಲಿ ಒಂದು ಚುಕ್ಕೆ ಇದೆ ಅಂತಾನೇ ನನಗೆ ಗೊತ್ತಿರಲಿಲ್ಲ,” ಎಂದು ಮುಂದೆ ಬಂದರು. “ಸ್ವಲ್ಪ ಜಾಗ ಬಿಡಿ. ನೋಡೋಣ.”

“ಬಟ್ಟೆ ಒಣಹಾಕಿರಬೇಕು ಕಣ್ರೀ,” ಎಂದರು ಒಬ್ಬರು.

“ಯುದ್ಧದಲ್ಲಿ ಬಟ್ಟೆ ಒಗೀತಾರಾ?”

“ಯಾಕೆ, ಯುದ್ಧ ಅಂದ್ರೆ ಬಟ್ಟೆ ಕೊಳೆ ಆಗಲ್ವಾ?” ಎಂದರು ಅಜ್ಜಿ. “ನನಗೇನೋ ಮುಖ ಅನ್ಸುತ್ತೆ. ಯಾರೋ ನಿಂತು ಹೊರಗೆ ನೋಡ್ತಿದ್ದಾರೆ. ಪಾಪ, ಎಷ್ಟು ದಿನದಿಂದ ಒಳಗೇ ಇದ್ದರೋ ಏನೋ.”

“ಕೈ ಇರಬಹುದು. ಬೆರಳಿನ ಥರ ಇಲ್ವಾ?”

“ಹಲ್ಲು!” ಎಂದ ಮೊಮ್ಮಗ. ತನ್ನ ಬಿದ್ದ ಹಲ್ಲನ್ನು ಅವನು ಇನ್ನೂ ಹುಡುಕುತ್ತಿದ್ದ.

ಹಿಂದಿನ ಗುಂಪಿನವರೂ ಏನೋ ನಡೆಯುತ್ತಿದೆ ಎಂದು ಬಂದು ಸೇರಿಕೊಂಡರು. ಬಾಗಿಲಲ್ಲಿದ್ದ ಅಪ್ಪನೂ ಕಾರ್ಡಿನ ಕಟ್ಟು ಹಿಡಿದುಕೊಂಡೇ ಒಳಗೆ ಬಂದು ಇಣುಕುತ್ತಿದ್ದ. ಸಾಹೇಬರು ಹಿಂದೆ ತಿರುಗಿ, “ನಾಳೆ ಒಂದು ಭೂತಗನ್ನಡಿ ತರ್ತೀನಿ,” ಎಂದು ಅಮ್ಮನಿಗೆ ಹೇಳಿದರು. “ಇಲ್ಲೇ ಇಡಿ. ನಿಮ್ಮ ಹತ್ರಾನೇ ಇರಲಿ.” ಕೆಮ್ಮುವುದನ್ನೂ ಮರೆತಿದ್ದರು.

ನಿಮ್ಮ ಹತ್ತಿರವೇ ಇರಲಿ! ಅಮ್ಮ ಬೀಗದ ಕೈ ಗೊಂಚಲನ್ನು ಮೆಲ್ಲಗೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳ ಮುಖ ಅರಳಿದ್ದನ್ನು ಚಿನಕುರಳಿ ನೋಡಿದಳು.

ಅಪ್ಪ ಹತ್ತಿರ ಬಂದು ಪಿಸುಗುಟ್ಟಿದ. “ಈಗ ಈ ಕಾರ್ಡನ್ನ ಏನಂತ ಕೂಗಿ ಮಾರಲೇ?”

“ಮುತ್ತು ಅನ್ನೋದನ್ನ ಹೊಡೆದುಹಾಕಿ, ಇದೇನು ಹೇಳಿ ಅಂತ ಬರಿ,” ಎಂದಳು ಚಿನಕುರಳಿ. ಅದಕ್ಕೆ ಮಾತ್ರ ಉತ್ತರ ಗೊತ್ತಿತ್ತು.

ಅವಳು ಸ್ಟೂಲಿನಿಂದ ಇಳಿದಳು. ಕೆಳಗೆ ನಿಂತರೆ ಚಿತ್ರ ಕಾಣುತ್ತಲೇ ಇರಲಿಲ್ಲ. ಎಡಗಡೆ ಬೆನ್ನು, ಬಲಗಡೆ ಬೆನ್ನು, ಮುಂದೆ ಸಾಹೇಬರ ಬೆನ್ನು. ಮುತ್ತಿನ ಕತೆ ಕೇಳಿದವರು ಫೋಟೋ ತೆಗೆದು ಹೋಗಿಬಿಡುತ್ತಿದ್ದರು. ಇವರು ಯಾರೂ ಹೋಗುತ್ತಿಲ್ಲ. ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಬಾಗಿ, ಸುತ್ತಲೂ ನೆರೆದು, ಆ ಕೋಟೆಯನ್ನು ಬಿಡದೆ ನೋಡುತ್ತಿದ್ದಾರೆ.

“ಅಮ್ಮ,” ಚಿನಕುರಳಿ ಅಮ್ಮನ ಕೈ ಎಳೆದಳು. “ನೋಡು. ಮುತ್ತಿಗೆ.”

ಅಮ್ಮ ಜನರನ್ನು ನೋಡಿ ನಕ್ಕಳು.

ಚಿನಕುರಳಿ ಬೆನ್ನುಗಳ ನಡುವೆ ತೂರಿಕೊಂಡು, ಚುಕ್ಕೆಯನ್ನು ನೋಡಲು ತಾನೂ ಮುಂದೆ ಹೋದಳು.